ಒಳ್ಳೆ ಮರ ಅಲ್ಲ ರೈಟ್ರೆ

ನಮ್ ತೋಟದ ಕಣದ ಹಿಂದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಹಳೇ ಪಲ್ಪರ್ ಶೆಡ್ ಪಕ್ಕ ಒಂದು ಕಟ್ಟಿಗೆ ರಾಶಿ ಇದೆ. ಹೋದ ವರ್ಷ ಪುನರ್ವಸು ಮಳೇಲಿ ನಾನೇ ಹಾಕ್ಸಿದ್ದು, ಸುತ್ತ ಮುಳ್ಳುತಂತಿ ಕಟ್ಟಿಸಿದ್ದೂ ನಾನೇ. ದಿನಾ ಬೆಳಿಗ್ಗೆ ಹಾಜರಿ ಕರೆಯೋಕೆ ಅದರ ಮುಂದೇನೇ ಹೋಗ್ಬೇಕು. ಒಂದಿನಾನೂ ಅದನ್ನ ನೋಡ್ದೆ ಹೋಗೋಕೆ ಆಗಿಲ್ಲ, ಅದಕ್ಕೇ ಇವತ್ತು ಬರೀತಿದೀನಿ.

ನಾನು ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಹಾಜರಿ, ಲೆಕ್ಕ ಬರ್ಕೊಂಡು ಆಳುಗಳ ಕೆಲಸ ನೋಡ್ಕೊಳ್ಳೋನು. ಹುಟ್ಟಿ ಬೆಳೆದಿದ್ದು ಕಡೂರು ಕಡೆ ಬಯಲುಸೀಮೆ. ನಮ್ಮಲ್ಲಿ ಸೌದೆ ಅಂದ್ರೆ ಜಾಲಿ, ತೆಂಗಿನ ಮಟ್ಟೆ, ಇಲ್ಲ ಹೊಂಗೆ ರೆಂಬೆ, ಅಲ್ಲಿಗೆ ಮುಗೀತು. ಇಲ್ಲಿ ಮರಗಸಿ, ಅಂದ್ರೆ ನೆರಳಿನ ಮರಗಳ ರೆಂಬೆ ಕಡಿಯೋದು, ಶುರು ಆಯ್ತು ಅಂದ್ರೆ ಕೆಳಗೆ ಬೀಳೋ ರೆಂಬೇಲೇ ಹತ್ತು ಜಾತಿ ಇರತ್ತೆ, ಲೈನಿನವರು (ಸಾಲುಮನೇಲಿರೋ ತೋಟದ ಆಳುಗಳು) ಅದರಲ್ಲೇ ಆರಿಸ್ಕೊಂಡು ಹೊರೆ ಕಟ್ತಾರೆ. ಸಿಲ್ವರ್ ಓಕ್ ಬೇಗ ಹತ್ಕೊಳ್ಳತ್ತೆ, ಅಷ್ಟೇ ಬೇಗ ಬೂದಿ. ಹೊಂಗರೆ ಕಡಿಯೋಕೆ ಸುಲಭ ಆದ್ರೆ ಒಣಗಿದ್ಮೇಲೆ ಬೆಂಡು, ಒಲೆಗಿಟ್ರೆ ಕಾವೇ ಇಲ್ಲ, ಅತ್ತೀದೂ ಅದೇ ಕಥೆ. ನೇರಳೆ ಸೀಳೋದು ಕಷ್ಟ, ಆದ್ರೆ ಒಂದು ಕೊರಡು ಇಟ್ರೆ ಬೆಳಗಿನವರೆಗೂ ಕೆಂಡ ಇರತ್ತೆ. ಎಲ್ಲಕ್ಕಿಂತ ಒಳ್ಳೇದು ಕಾಫಿ ಗಿಡದ್ದೇ. ಬೋರರ್ ಹುಳ ಬಿದ್ದಿರೋ ಅರೇಬಿಕಾ ಕಾಫಿ ಗಿಡಾನ ಹೇಗೂ ಕಿತ್ತು ಸುಡ್ಲೇಬೇಕಲ್ಲ, ಆ ಬೊಡ್ಡೆಗೆ ಹೆಂಗಸರು ಜಗಳಾನೇ ಆಡ್ತಾರೆ, ಹೊಗೆ ಕಮ್ಮಿ, ಕೆಂಡ ಗಟ್ಟಿ. ಇದೆಲ್ಲ ಕಲಿಯೋಕೆ ನಂಗೆ ಮೂರು ವರ್ಷ ಬೇಕಾಯ್ತು, ಅಷ್ಟಕ್ಕೇ ನಂಗೆ ಮರ ಗೊತ್ತು ಅಂತ ಅಂದ್ಕೊಂಡ್ಬಿಟ್ಟೆ.

ಹೋದ ವರ್ಷ ಆಫೀಸಿಂದ ಹೇಳಿದ್ರು, ಲೈನಿಗೆ ಸೌದೆ ದುಡ್ಡು ಕೊಟ್ಟು ತರಿಸೋದು ಬೇಡ, ಬಿದ್ದ ಮರದಲ್ಲೇ ಅಡ್ಜಸ್ಟ್ ಮಾಡಿ ಅಂತ. ಸಿಲ್ವರ್ ಕಡಿಯೋಕೆ ಪರ್ಮಿಷನ್ ಬೇಡ, ಕಾಡುಮರ ನಿಂತಿದ್ರೆ ಫಾರೆಸ್ಟ್‌ನವರನ್ನ ಕೇಳ್ದೆ ಮುಟ್ಟೋ ಹಾಗಿಲ್ಲ, ಹಾಗಾಗಿ ಗಾಳಿಗೆ ಒಂದು ದೊಡ್ಡ ಮರ ಬಿತ್ತು ಅಂದ್ರೆ ಬಿಟ್ಟಿ ಸಿಕ್ಕಿದ ಹಾಗೆ ಅಂತ ಎಲ್ರಿಗೂ ಆಸೆ. ಪ್ರತಿ ಶನಿವಾರ ವಾಟ್ಸಾಪಲ್ಲಿ ರಿಪೋರ್ಟ್ ಹಾಕ್ಬೇಕು, ಎಷ್ಟು ಲೋಡು, ಎಷ್ಟು ಆಳು, ಮರ ಕೊಯ್ಯೋ ಮಿಷನ್ ಎಷ್ಟು ಗಂಟೆ. ಯಾವ ಮರ ಅಂತ ಒಂದು ಕಾಲಂ ಅದರಲ್ಲಿಲ್ಲ. ಏಪ್ರಿಲ್ಲಲ್ಲೇ ಗ್ಲೌಸು, ಕನ್ನಡಕಕ್ಕೆ ಇಂಡೆಂಟ್ ಹಾಕಿದ್ದೆ, ಜುಲೈ ಬಂದ್ರೂ ಬಂದಿರ್ಲಿಲ್ಲ. ಆದ್ರೆ ಆಮೇಲೆ ಆಗಿದ್ದಕ್ಕೆ ಆಫೀಸಿನವರನ್ನ ಮುಂದೆ ಮಾಡೋಕೆ ನಂಗೆ ಇಷ್ಟ ಇಲ್ಲ. ತಪ್ಪು ನಂದು.

ಮಂಗಳವಾರ ರಾತ್ರಿ ಗಾಳಿಗೆ ಮೂರನೇ ಬ್ಲಾಕಿನ ರಸ್ತೆಗೆ ಅಡ್ಡ ಒಂದು ಮರ ಬಿತ್ತು. ಇಬ್ರು ಕೈ ಹಿಡಿದು ತಬ್ಬೋ ದಪ್ಪ, ಒಂದು ಕಡೆ ಹಸಿ, ಇನ್ನೊಂದು ಕಡೆ ರೆಂಬೆ ಪೂರ್ತಿ ಒಣಗಿ ನಿಂತಿತ್ತು. ಎಲೆ ನೋಡಿದೆ, ಉದ್ದಕ್ಕೆ, ತುದೀಲಿ ಗೊಂಚಲು ಗೊಂಚಲಾಗಿ, ಥೇಟ್ ಮಾವು. ಕಾಡುಮಾವು ಅಂತ ತೀರ್ಮಾನ ಮಾಡಿ, ಫಾರೆಸ್ಟ್ ಗಾರ್ಡ್‌ಗೆ ಫೋನಲ್ಲಿ ಒಂದು ಮಾತು ಹೇಳಿ, ಬುಧವಾರ ಬೆಳಿಗ್ಗೆ ಮಿಷನ್ ಹುಡುಗನ್ನ ಕರೆಸಿದೆ.

ಅವತ್ತು ಆ ಬ್ಲಾಕಲ್ಲಿ ಕಳೆ ತೆಗೀತಿದ್ದ ಗ್ಯಾಂಗಲ್ಲಿ ಒಬ್ರು ಅಜ್ಜಿ ಇದ್ರು, ಈ ತೋಟದಲ್ಲೇ ಹುಟ್ಟಿ ಇಲ್ಲೇ ಮುದುಕಿ ಆದವರು. ಹತ್ರ ಬಂದು ಮರ ನೋಡಿ ನಾಲ್ಕು ಹೆಜ್ಜೆ ಹಿಂದೆ ಸರಿದ್ರು.

"ಬ್ಯಾಡ ರೈಟ್ರೆ, ಇದು ಒಳ್ಳೆ ಮರ ಅಲ್ಲ."

"ಯಾಕಜ್ಜಿ, ಏನಿದೆ ಇದ್ರಲ್ಲಿ?"

"ನಾ ಹೆಸರು ಹೇಳಲ್ಲ. ಹೇಳ್ಬಾರ್ದು."

ನಂಗೆ ಥಟ್ಟಂತ ತಲೆಗೆ ಬಂದಿದ್ದು ಚೌಡಿ ದೇವತೆ. ಈ ಕಡೆ ಚೌಡಿ ಮರ ಅಂತ ಬಿಟ್ಟಿರೋದು ಪ್ರತಿ ತೋಟದಲ್ಲೂ ಇರತ್ತೆ, ಅದನ್ನ ಯಾರೂ ಮುಟ್ಟಲ್ಲ. ಸರಿ ಅಜ್ಜಿ, ಒಂದು ಕಾಯಿ ಒಡೆಸಿ ಕೈಮುಗ್ದು ಕೊಯ್ಸ್ತೀನಿ, ರಸ್ತೆ ಬಿಡಿಸ್ಬೇಕಲ್ಲ ಅಂದೆ. ಅವರು ನನ್ನ ಮುಖಾನೇ ನೋಡ್ತಾ ನಿಂತ್ರು. ಆಮೇಲೆ ಗ್ಯಾಂಗ್ ಕರ್ಕೊಂಡು ಗಾಳಿ ಬರೋ ಕಡೆಗೆ, ದೂರದ ಸಾಲಿಗೆ ಹೋಗ್ಬಿಟ್ರು. ಕೆಲಸ ತಪ್ಪಿಸ್ಕೊಳ್ಳೋಕೆ ಅಂತ ಅಂದ್ಕೊಂಡೆ. ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು, ಮುಟ್ಟಿದ್ರೆ ಏನಾಗತ್ತೆ ಅಜ್ಜಿ, ಅಂತ. ಕೇಳ್ಲಿಲ್ಲ.

ಮಿಷನ್ ಇಟ್ಟಾಗ ಪುಡಿ ಬೆಳ್ಳಗೆ ಹಾರ್ತು. ಅರ್ಧ ಗಂಟೆ ಬಿಟ್ಟು ನೋಡ್ತೀನಿ, ಕೊಯ್ದ ಮುಖದ ಅಂಚಿಗೆ, ತೊಗಟೆಯೂ ಮರವೂ ಸೇರೋ ಜಾಗದಲ್ಲಿ, ಉಂಗುರದ ಥರ ಕರ್ರಗೆ ಹನಿಹನಿ ನಿಂತಿದೆ. ಬೆಳ್ಳಗಿದ್ದ ಪುಡಿ ಕೂಡ ಅಲ್ಲಲ್ಲಿ ಟಾರು ಮೆತ್ತಿದ ಹಾಗೆ ಕಪ್ಪಗಾಗಿದೆ. ಬೆರಳಲ್ಲಿ ಒರೆಸಿ ನೋಡ್ದೆ, ಅಂಟಂಟು. "ಏನೋ, ಚೈನ್ ಆಯಿಲ್ ಇಷ್ಟೊಂದು ಬಿಡ್ತಿದೀಯಾ" ಅಂತ ಹುಡುಗನಿಗೆ ಗದರಿದೆ. ಅವನು "ಇಲ್ಲ ರೈಟ್ರೆ, ಕಮ್ಮಿನೇ ಇಟ್ಟಿದೀನಿ" ಅಂದ. ನಂಬಲಿಲ್ಲ. ಅದೇ ಬೆರಳಲ್ಲಿ ಹಾಜರಿ ಬುಕ್ ತಿರುವಿದೆ, ಆ ಹಾಳೆ ಮೇಲೆ ಈಗ್ಲೂ ಹೆಬ್ಬೆಟ್ಟು ಒತ್ತಿದ ಹಾಗೆ ಕಪ್ಪು ಗುರುತಿದೆ. ಅದು ಆಯಿಲ್ ಅಲ್ಲ, ಮರದ ಸೊನೆ. ಕೊಯ್ದಾಗ ಬಣ್ಣ ಇರಲ್ಲ, ಗಾಳಿ ತಾಗ್ತಾ ತಾಗ್ತಾ ಕಪ್ಪಾಗತ್ತೆ.

ಗುರುವಾರ ಮಧ್ಯಾಹ್ನ ಒಣಗಿದ ರೆಂಬೇನೆಲ್ಲ ಟ್ರ್ಯಾಕ್ಟರಲ್ಲಿ ಹಾಕ್ಸಿ ಲೈನಿನ ಒಂಬತ್ತು ಮನೆಗೆ ಹಂಚಿದೆ. ಮಳೆಗಾಲದಲ್ಲಿ ಒಣ ಸೌದೆ ಸಿಕ್ತು ಅಂತ ಎಲ್ರೂ ಖುಷಿ ಪಟ್ರು, ನಂಗೂ ಸಮಾಧಾನ ಆಯ್ತು. ಹಸಿ ಕೊರಡೆಲ್ಲ ಕಣದ ಹಿಂದೆ.

ಸಂಜೆ ಆರಕ್ಕೆ ಮಿಷನ್ ಹುಡುಗನ ಅಮ್ಮ ಫೋನ್ ಮಾಡಿದ್ರು. ಬೆಳಿಗ್ಗೆಯಿಂದ ತುರಿಕೆ ಇತ್ತಂತೆ, ಈಗ ಮುಖ ಊದ್ಕೊಂಡು ಕಣ್ಣೇ ಬಿಡೋಕಾಗ್ತಿಲ್ಲ, ಕೈಮೇಲೆ ಸುಟ್ಟ ಹಾಗೆ ಗುಳ್ಳೆ. ನನ್ನ ಬೆರಳಿನ ಸಂದೀಲೂ ಮಧ್ಯಾಹ್ನದಿಂದ ಉರೀತಿತ್ತು, ಅದು ಆಗ ಅರ್ಥ ಆಯ್ತು. ಸೀದಾ ಅಜ್ಜಿ ಮನೆಗೆ ಓಡಿದೆ. ಆಗ ಹೆಸರು ಹೇಳಿದ್ರು: ಹೊಳಗೇರು. ಗೇರುಹಣ್ಣು, ಮಾವು ಇವುಗಳ ಕುಲದ್ದೇ ಮರ, ಅದಕ್ಕೇ ಎಲೆ ಹಾಗಿರೋದು. ಹೆಸರು ಹೇಳಿದ್ರೂ ಮೈ ಊದತ್ತೆ ಅಂತ ಅವರ ಹಿರಿಯರು ಹೇಳ್ತಿದ್ರಂತೆ. ಆಮೇಲೆ ಅಜ್ಜಿ ಕೇಳಿದ ಪ್ರಶ್ನೆಗೆ ನನ್ನ ಕೈಕಾಲು ತಣ್ಣಗಾಯ್ತು: "ಒಣಗಿದ್ದು ಎಲ್ಲಿ ಹಾಕಿದ್ರಿ? ಅದರ ಹೊಗೆ ಕುಡಿಯಂಗಿಲ್ಲ."

ಆರೂವರೆ ಅಂದ್ರೆ ಲೈನಲ್ಲಿ ಎಲ್ಲಾ ಹಂಡೆ ಒಲೆ ಹೊತ್ಸೋ ಹೊತ್ತು.

ಒಂಬತ್ತು ಮನೇಲಿ ಐದು ಅಸ್ಸಾಮಿನವರದ್ದು. ಮಳೆ ಸದ್ದಲ್ಲಿ ನನ್ನ ಹರಕು ಹಿಂದಿ, "ವೋ ಲಕಡಿ ಮತ್ ಜಲಾವೋ, ಜಹರ್ ಹೈ" ಅಂತ ಬಾಗಿಲು ಬಾಗಿಲಿಗೆ ಕೂಗ್ತಾ ಹೋದೆ. ಮಧ್ಯಾಹ್ನ ಕೊಟ್ಟವನೇ ಸಂಜೆ ಬಂದು ಕಿತ್ಕೊಳ್ತಿದಾನೆ ಅಂತ ಒಬ್ಬ ತಿರುಗಿಬಿದ್ದ. ಊದಿದ ನನ್ನ ಕೈ ತೋರಿಸಿದ್ಮೇಲೆ ಸುಮ್ನಾದ. ಆರು ಮನೇಲಿ ಇನ್ನೂ ಮುಟ್ಟಿರ್ಲಿಲ್ಲ. ಎರಡು ಮನೇಲಿ ಆಗಲೇ ಒಲೆಗೆ ಹೋಗಿತ್ತು, ಅವರನ್ನ ಹೊರಗೆ ಕರೆದು ಬಾಗಿಲು ಕಿಟಕಿ ತೆಗ್ಸಿದೆ.

ಒಂಬತ್ತನೇದು ಡ್ರೈವರ್ ಮನೆ. ಮಗಳು ಬಾಣಂತಿ, ಮಗುಗೆ ಹದಿನಾಲ್ಕು ದಿನ. ಬಚ್ಚಲಲ್ಲಿ ಹಂಡೆ ಕೆಳಗೆ ದಗದಗ ಅಂತ ಉರೀತಿದೆ. ಅಲ್ಲಿ ನಾನು ಮಾಡಿದ್ದು ಎರಡನೇ ತಪ್ಪು, ಮೊದಲನೇದಕ್ಕಿಂತ ದೊಡ್ಡದು. ಮೊದ್ಲು ಮಗೂನ ಹೊರಗೆ ಕಳಿಸ್ಬೇಕಿತ್ತು. ನಾನು ಕೊಳ್ಳಿ ಎಳೆದು ಅದರ ಮೇಲೆ ಕೊಡ ನೀರು ಸುರಿದೆ. ಉರೀತಿದ್ದಾಗ ಚಿಮಣಿ ಕಡೆ ಹೋಗ್ತಿದ್ದ ಹೊಗೆ, ಆರಿದ ಕೂಡ್ಲೇ ದಪ್ಪಕ್ಕೆ ಎದ್ದು ಬಚ್ಚಲು ತುಂಬಿ ಬಾಗಿಲಿಂದ ಬಾಣಂತಿ ಕೋಣೆ ಕಡೆ ನುಗ್ತು. ಆ ಹೊಗೆ ನಡುಮನೆ ದಾಟೋದನ್ನ ನಿಂತು ನೋಡ್ತಿದ್ದೆ, ಕಣ್ಣು ಉರೀತಿತ್ತು, ಬಾಯಿಂದ ಮಾತು ಹೊರಡ್ಲಿಲ್ಲ. ಡ್ರೈವರ್ ಹೆಂಡ್ತಿನೇ ಓಡಿ ಮಗೂನ ಸೀರೆ ಸೆರಗಲ್ಲಿ ಮುಚ್ಕೊಂಡು ಹಿಂದಿನ ಬಾಗಿಲಿಂದ ಹೊರಗೆ ಹೋದ್ರು. ಹಿಂದೆ ಬಾಣಂತಿ, ಕಂಬಳಿ ಕೊಪ್ಪೆ ಹಾಕ್ಕೊಂಡು ಆ ಮಳೇಲಿ, ಬರಿಗಾಲಲ್ಲಿ. ಕಣದ ಶೆಡ್ಡಿಗೆ ಹೋಗೋವರೆಗೂ ಮಗು ಅಳ್ಲಿಲ್ಲ. ಅಳ್ತಿಲ್ಲ ಅಂತಲೇ ಎಲ್ರಿಗೂ ಭಯ. ಶೆಡ್ಡಲ್ಲಿ ಸೆರಗು ತೆಗೆದಾಗ ಚಳಿಗೆ ಒಂದ್ಸಲ ಜೋರಾಗಿ ಕಿರುಚ್ತು. ಅಷ್ಟು ಹೊತ್ತಿಗೆ ನಾನು ಕೂತ್ಬಿಟ್ಟಿದ್ದೆ.

ಮಗೂಗೆ ಏನೂ ಆಗ್ಲಿಲ್ಲ. ಬಾಣಂತಿಗೆ ಒಂದು ವಾರ ಕೆಮ್ಮು. ನನ್ನ ಗಂಟಲು, ಕಣ್ಣು ರೆಪ್ಪೆ ಊದಿ ನಾಲ್ಕು ದಿನ ಮಲಗಿದೆ. ಮಿಷನ್ ಹುಡುಗನ್ನ ಆವತ್ತೇ ರಾತ್ರಿ ಜೀಪಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಇಂಜೆಕ್ಷನ್, ಮಾತ್ರೆ, ಹನ್ನೆರಡು ದಿನ ಕೆಲಸ ಇಲ್ಲ. ಅವನು ಗಂಟೆ ಲೆಕ್ಕದಲ್ಲಿ ಬರೋನು, ನಮ್ಮ ಹಾಜರಿಲಿ ಹೆಸರಿಲ್ಲ, ಹಾಗಾಗಿ ದುಡ್ಡು ಕೊಡೋಕಾಗಲ್ಲ ಅಂತ ಆಫೀಸಿಂದ ಬಂತು. ನಾನು ಮೂರು ಸಲ ಬರೆದು, ಒಂದ್ಸಲ ಹೋಗಿ ಎದುರು ನಿಂತು ಕೇಳಿ, ಅರ್ಧ ಕೊಡಿಸಿದೆ. ಉಳಿದ ಅರ್ಧದ ವಿಷಯ ನಂಗೆ ಈಗಲೂ ಸಿಟ್ಟಿದೆ. ಮುಖ ಊದಿದ್ದು ನಮ್ಮ ತೋಟದ ಮರಕ್ಕೆ.

ಈಗ ಬಿದ್ದ ಮರ ಯಾವುದೇ ಇರ್ಲಿ, ಮಿಷನ್ ಇಡೋ ಮುಂಚೆ ಕತ್ತೀಲಿ ಒಂದು ಗೀರು ಹಾಕಿ ಅರ್ಧ ಗಂಟೆ ಬಿಡ್ತೀವಿ, ಕಪ್ಪಾದ್ರೆ ಅಲ್ಲಿಗೇ ನಿಲ್ಲಿಸ್ತೀವಿ. ಎಲೆ ತೊಟ್ಟೂ ನೋಡ್ತೀವಿ. ಹೊಳಗೇರಿನ ತೊಟ್ಟಿನ ಮೇಲೆ ಸಣ್ಣ ಮುಳ್ಳಿನ ಹಾಗೆ ಎರಡು ಕೊಕ್ಕೆ ಇರತ್ತೆ, ಮಾವಿಗೆ ಅದಿಲ್ಲ. ಬಲಿತ ಎಲೇಲಿ ಅದು ಉದುರಿ ಹೋಗಿರತ್ತೆ, ಹಾಗಾಗಿ ಎಳೇದು ಹುಡುಕಿ ನೋಡ್ಬೇಕು, ಮುಟ್ಬಾರ್ದು. ರಿಜಿಸ್ಟರಲ್ಲಿ ನಾನೇ ಗೆರೆ ಎಳೆದು ಮರದ ಹೆಸರು ಅಂತ ಕಾಲಂ ಮಾಡಿದೀನಿ, ಅದನ್ನ ಅಜ್ಜಿ ಹೇಳಿದ್ಮೇಲೇ ತುಂಬೋದು. ಕಣದ ಹಿಂದಿನ ರಾಶಿ ಯಾಕೆ ಲೋಡಿಗೆ ಸೇರಿಸಿಲ್ಲ ಅಂತ ಆಫೀಸಿಂದ ಮೊನ್ನೆ ಮತ್ತೆ ಕೇಳಿದ್ರು. ಅದು ಸೌದೆ ಅಲ್ಲ ಸಾರ್, ಮಣ್ಣಾಗೋವರೆಗೂ ತಂತಿ ತೆಗೆಯಲ್ಲ ಅಂತ ಬರೆದು ಕಳಿಸಿದೀನಿ.

ಮಿಷನ್ ಹುಡುಗ ನಮ್ಮ ತೋಟಕ್ಕೆ ಸೆಪ್ಟೆಂಬರಲ್ಲಿ ವಾಪಸ್ ಬಂದ. ಎಡಗಣ್ಣಿನ ಕೆಳಗೆ ಕಪ್ಪು ಕಲೆ ಇನ್ನೂ ಇದೆ. ನನ್ನ ಹತ್ರ ಒಂದು ದಿನಾನೂ ಆ ಮಾತು ಎತ್ತಿಲ್ಲ, ಮೊದಲಿನ ಹಾಗೇ ನಗ್ತಾನೆ, ಟೀ ಕುಡೀತಾನೆ. ಆದ್ರೆ ದಾರ ಎಳೆದು ಮಿಷನ್ ಸ್ಟಾರ್ಟ್ ಮಾಡೋ ಮುಂಚೆ ಈಗ ನನ್ನ ಮುಖ ನೋಡಲ್ಲ, ಅಜ್ಜಿ ಎಲ್ಲಿದಾರೆ ಅಂತ ಗ್ಯಾಂಗ್ ಕಡೆ ನೋಡ್ತಾನೆ.