ಟೂರ್ ಹೋಗಿದ್ರಾ?

"ಇತ್ತೀಚೆಗೆ ಎಲ್ಲಾದ್ರೂ ಟೂರ್ ಹೋಗಿದ್ರಾ?" ಅಂತ ಡಾಕ್ಟರು ಕೇಳಿದರು. "ಇಲ್ಲ ಡಾಕ್ಟ್ರೇ" ಅಂದೆ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಉಗಾಂಡಾದ ಕಂಪಾಲಾದಲ್ಲಿ ಮೂರು ವಾರ ಇದ್ದು ಬಂದು ಹನ್ನೊಂದು ದಿನ ಆಗಿತ್ತು. ಆದರೆ ಅದು ಆಫೀಸ್ ಕೆಲಸ. ಟೂರ್ ಅಂದರೆ ನನ್ನ ಲೆಕ್ಕದಲ್ಲಿ ಊಟಿ, ಗೋವಾ. ಜುಲೈ ತಿಂಗಳು ಬೇರೆ, ನಮ್ಮ ಬೀದಿಯಲ್ಲೇ ನಾಲ್ಕು ಜನಕ್ಕೆ ಡೆಂಗಿ. ಜ್ವರ, ಮೈಕೈ ನೋವು ಅಂದ ಕೂಡಲೇ ಅವರು ಡೆಂಗಿ ಟೆಸ್ಟಿಗೆ ಬರೆದರು. ನೆಗೆಟಿವ್ ಬಂತು. ಪ್ಯಾರಾಸಿಟಮಾಲ್ ನುಂಗಿ ಮಲಗಿದೆ.

ನಾನು ಮಂಗಳೂರಿನವನು. ಅಲ್ಲಿ ಮಲೇರಿಯಾ ಅಂದರೆ ಮಳೆಗಾಲಕ್ಕೆ ಬರುವ ನೆಂಟರ ಹಾಗೆ. ಚಿಕ್ಕಂದಿನಲ್ಲಿ ನನಗೇ ಎರಡು ಸಲ ಬಂದಿತ್ತು. ಮೂರು ದಿನ ಕಹಿ ಕ್ಲೋರೋಕ್ವಿನ್, ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್, ಮುಗೀತು. ಹಾಗಾಗಿ ಉಗಾಂಡಾಕ್ಕೆ ಹೊರಡುವ ಮುಂಚೆ ಡಾಕ್ಟರೊಬ್ಬರು ಮಲೇರಿಯಾ ತಡೆಯಲು ಡಾಕ್ಸಿಸೈಕ್ಲಿನ್ ಬರೆದುಕೊಟ್ಟಾಗ ಒಳಗೊಳಗೇ ನಗು ಬಂದಿತ್ತು. ದಿನಕ್ಕೊಂದು ಮಾತ್ರೆ, ಹೊರಡುವ ಎರಡು ದಿನ ಮೊದಲಿಂದ ವಾಪಸ್ ಬಂದ ಮೇಲೂ ನಾಲ್ಕು ವಾರ.

ಹಳದಿ ಜ್ವರದ ಸೂಜಿಯನ್ನು ಮಾತ್ರ ಶ್ರದ್ಧೆಯಿಂದ ಹಾಕಿಸಿಕೊಂಡಿದ್ದೆ. ಅದನ್ನು ಹಾಕಿಸಿದ್ದಕ್ಕೆ ಕೊಡುವ ಕಾರ್ಡ್ ಇಲ್ಲದಿದ್ದರೆ ಅಲ್ಲಿ ಒಳಗೆ ಬಿಡುವುದಿಲ್ಲ. ಬರುವಾಗ ನಮ್ಮ ಏರ್‌ಪೋರ್ಟಿನಲ್ಲೂ ಕೇಳುತ್ತಾರೆ. ಹತ್ತು ದಿನ ಮುಂಚೆ ಹಾಕಿಸಿದ್ದರೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡ್ ಜೇಬಿನಲ್ಲಿದ್ದರೆ ಏನೋ ಧೈರ್ಯ, ಎಲ್ಲಾ ರೋಗಕ್ಕೂ ಪಾಸ್ ಸಿಕ್ಕ ಹಾಗೆ. ಮಾತ್ರೆ ತಗೊಂಡ್ರಾ ಅಂತ ಯಾವ ಕೌಂಟರಿನಲ್ಲೂ ಯಾರೂ ಕೇಳಲಿಲ್ಲ ನೋಡಿ.

ಮೊದಲ ವಾರ ಸರಿಯಾಗಿ ತಗೊಂಡೆ. ಒಂದು ರಾತ್ರಿ ಒಂದೇ ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿದೆ. ಮಾತ್ರೆ ಗಂಟಲ ಕೆಳಗೆಲ್ಲೋ ಕೂತುಬಿಟ್ಟಿತು. ಎರಡು ದಿನ ಅನ್ನ ಇಳಿಯುವಾಗ ಎದೆಯೆಲ್ಲ ಉರಿ. ಆಮೇಲೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಶನಿವಾರ ಜಿಂಜಾಕ್ಕೆ ಹೋದೆವು, ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಡುವ ಜಾಗ. ಸಂಜೆ ದಂಡೆಯಲ್ಲಿ ಅರ್ಧ ಚಡ್ಡಿಯಲ್ಲಿ ಕೂತು 'ರೋಲೆಕ್ಸ್' ತಿಂದೆ. ವಾಚಲ್ಲ, ಮೊಟ್ಟೆ ಆಮ್ಲೆಟ್ ಸುತ್ತಿದ ಚಪಾತಿ! ಕತ್ತಲಾದ ಮೇಲೂ ಎದ್ದು ಬರಲು ಮನಸ್ಸಾಗಲಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೂ ಅದೇ ಊಟದ ಹೊತ್ತು. ಬೆಂಗಳೂರಿಗೆ ಇಳಿದ ದಿನ ಉಳಿದ ಮಾತ್ರೆಗಳನ್ನು ಸೂಟ್‌ಕೇಸಿನಲ್ಲೇ ಬಿಟ್ಟೆ. ಆಫ್ರಿಕಾ ಮುಗೀತಲ್ಲ, ಇನ್ನೇಕೆ?

ಜ್ವರದ ಮೂರನೇ ದಿನ ಅಮ್ಮನ ಫೋನ್ ಬಂತು. ಡೆಂಗಿ ಇಲ್ಲವಂತೆ ಅಂದೆ.

"ಎಂತ ಡೆಂಗಿ? ಮಲೇರಿಯಾಕ್ಕೆ ರಕ್ತ ಕೊಟ್ಟಿದ್ದೀಯಾ? ಆಫ್ರಿಕಾಕ್ಕೆ ಹೋಗಿ ಬಂದದ್ದಲ್ವಾ ನೀನು?"

ಚಳಿ ಬಿಟ್ಟು ಬಿಟ್ಟು ಬರುತ್ತಿಲ್ಲ, ಜ್ವರ ಸುಮ್ನೆ ಇದ್ದ ಹಾಗೇ ಇದೆ, ಇದು ಮಲೇರಿಯಾ ಅಲ್ಲ ಅಂತ ನಾನೇ ಅವರಿಗೆ ಪಾಠ ಹೇಳಿದೆ. "ಆಯ್ತು, ರಕ್ತ ಕೊಟ್ಟು ಬಂದು ಮಾತಾಡು" ಅಂತ ಫೋನ್ ಇಟ್ಟರು. ಮುಖ ತೊಳೆಯಲು ಹೋದವನು ಕನ್ನಡಿ ನೋಡಿದೆ. ಕಣ್ಣಿನ ಬಿಳಿ ಗುಡ್ಡೆ ನಿಂಬೆ ಬಣ್ಣಕ್ಕೆ ತಿರುಗಿತ್ತು.

ಲ್ಯಾಬಿನ ಹುಡುಗಿ ಬೆರಳು ಚುಚ್ಚಿ ಒಂದು ಹನಿಯನ್ನು ಪುಟ್ಟ ಕಾರ್ಡಿಗೆ ಹಾಕಿದಳು. ಕಾಲು ಗಂಟೆ ಕಾಯಬೇಕಿತ್ತು. ಅದಕ್ಕೂ ಮೊದಲೇ ಎರಡನೇ ಗೆರೆ ಮೂಡಿತು, ಫಾಲ್ಸಿಪಾರಮ್ ಅನ್ನುವ ಮಲೇರಿಯಾ ಜಾತಿಗೆ ಮೀಸಲಾದ ಗೆರೆ. ಗಾಜಿನ ಸ್ಲೈಡಿನಲ್ಲೂ ಅದೇ ಸಿಕ್ಕಿತು.

ಸಂಜೆಯೊಳಗೆ ಆಸ್ಪತ್ರೆಯ ಮಂಚದಲ್ಲಿದ್ದೆ. ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ನನ್ನ ಬಾಲ್ಯದ ಮಲೇರಿಯಾ ಬಹುಶಃ ವೈವಾಕ್ಸ್ ಅನ್ನುವ ಬೇರೆ ಜಾತಿಯದು. ಸುಸ್ತು ಮಾಡುತ್ತದೆ, ಕೊಲ್ಲುವುದು ಕಡಿಮೆ. ಆಫ್ರಿಕಾದಲ್ಲಿ ಜಾಸ್ತಿ ಇರುವ ಫಾಲ್ಸಿಪಾರಮ್ ಕೆಲವೇ ದಿನಗಳಲ್ಲಿ ಕಿಡ್ನಿಗೂ ಮಿದುಳಿಗೂ ಹೋಗಬಲ್ಲದು, ಕ್ಲೋರೋಕ್ವಿನ್‌ಗೆ ಜಗ್ಗುವುದಿಲ್ಲ. ಬಾಲ್ಯದಲ್ಲಿ ಬಂದಿದ್ದಕ್ಕೆ ಈಗ ರಕ್ಷಣೆ ಅಂತೇನೂ ಇಲ್ಲ. ಸೊಳ್ಳೆ ಬಿಟ್ಟ ಪರೋಪಜೀವಿ ಒಂದು ವಾರವೋ ಇನ್ನೂ ಜಾಸ್ತಿಯೋ ಲಿವರ್‌ನಲ್ಲಿ ಸದ್ದಿಲ್ಲದೆ ಇರುತ್ತದೆ. ಅದು ರಕ್ತಕ್ಕೆ ಇಳಿಯುವಾಗ ಹಿಡಿಯಲು ಡಾಕ್ಸಿಸೈಕ್ಲಿನ್ ಅಲ್ಲಿ ಕಾಯುತ್ತಿರಬೇಕು. ಆ ನಾಲ್ಕು ವಾರ ಅದಕ್ಕೆ. ನಾನು ಕಾವಲುಗಾರನನ್ನು ಕಳ್ಳ ಬರುವ ಹೊತ್ತಿಗೆ ಮನೆಗೆ ಕಳಿಸಿದ್ದೆ.

ವಾಂತಿ ನಿಲ್ಲುತ್ತಿರಲಿಲ್ಲ, ಹಾಗಾಗಿ ಮೊದಲು ಆರ್ಟಿಸುನೇಟ್ ಇಂಜೆಕ್ಷನ್. ಬಾಯಿಗೆ ಏನಾದರೂ ಸೇರತೊಡಗಿದ ಮೇಲೆ ಮೂರು ದಿನ ಮಾತ್ರೆ. ಜೊತೆಗೆ ಹೊಟ್ಟೆಗೆ ಕೊಬ್ಬಿನಂಶ ಹೋದರೇ ಅದು ಚೆನ್ನಾಗಿ ಮೈಗೆ ಹತ್ತುವುದಂತೆ. ಪ್ರತಿ ಸಲವೂ ಅಮ್ಮ ಕೆನೆ ಹಾಲಿನ ಲೋಟ ಹಿಡಿದು ಎದುರಿಗೆ ನಿಂತಿರುತ್ತಿದ್ದರು. ರಾತ್ರಿ ಬಸ್ಸಲ್ಲಿ ಬಂದವರು ಬೈಯಲೂ ಇಲ್ಲ, ಅದೇ ಜಾಸ್ತಿ ಕಷ್ಟ ಆಯಿತು.

ಮೊನ್ನೆ ನೆಗಡಿ ಅಂತ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಬಾಯಿ ತೆರೆಯುವ ಮುಂಚೆಯೇ "ಉಗಾಂಡಾಕ್ಕೆ ಹೋಗಿದ್ದೆ ಡಾಕ್ಟ್ರೇ" ಅಂದೆ.

"ಯಾವಾಗ?"

"ಮೂರು ವರ್ಷ ಆಯ್ತು."

ಅವರು ನನ್ನನ್ನೊಮ್ಮೆ ನೋಡಿ, ಆವಿ ತಗೊಳ್ಳಿ ಅಂತ ಬರೆದುಕೊಟ್ಟರು.