ಅಂಡಾಶಯದ ನೀರುಗುಳ್ಳೆ ತಾನಾಗಿ ಕರಗುತ್ತದೆಯೇ?

ಕಳೆದ ಮಳೆಗಾಲದಲ್ಲಿ ಕಿಬ್ಬೊಟ್ಟೆಯ ನೋವಿಗೆಂದು ಮಾಡಿಸಿದ ಸ್ಕ್ಯಾನಿಂಗ್ ವರದಿಯಲ್ಲಿ ‘ಬಲ ಅಂಡಾಶಯದಲ್ಲಿ 4.2 ಸೆಂ.ಮೀ. ಸಿಸ್ಟ್’ ಎಂಬ ಸಾಲನ್ನು ಓದಿದಾಗ ನನ್ನ ಕೈಕಾಲು ತಣ್ಣಗಾಗಿದ್ದವು. ‘ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆಪರೇಷನ್ ಖಚಿತವೆಂದು ತಿಳಿದ ಅತ್ತೆಯವರು ಹರಕೆಯನ್ನೂ ಹೊತ್ತರು. ಆದರೆ ವೈದ್ಯೆಯವರು ಅಳತೆಯನ್ನು ಬಿಟ್ಟು ಅದರ ಮುಂದಿನ ಸಾಲಿನ ಮೇಲೆ ಬೆರಳಿಟ್ಟರು: ಗೋಡೆ ತೆಳು, ಒಳಗೆ ತಿಳಿನೀರು, ಅಡ್ಡಗೋಡೆಗಳಿಲ್ಲ, ಗಟ್ಟಿ ಭಾಗವಿಲ್ಲ. ಎರಡು ಮುಟ್ಟು ಕಳೆದು, ಸ್ರಾವ ನಿಂತ ಕೂಡಲೇ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ ಎಂದರೇ ಹೊರತು ಒಂದು ಮಾತ್ರೆಯನ್ನೂ ಬರೆಯಲಿಲ್ಲ.

ಪ್ರತಿ ತಿಂಗಳು ಅಂಡಾಶಯದಲ್ಲಿ ಒಂದು ಕೋಶಕ ಸುಮಾರು 2 ಸೆಂ.ಮೀ.ವರೆಗೆ ಬೆಳೆದು, ಒಡೆದು, ಅಂಡಾಣುವನ್ನು ಹೊರಬಿಡುತ್ತದೆ. ಒಮ್ಮೊಮ್ಮೆ ಅದು ಒಡೆಯದೆ ಊದುತ್ತಲೇ ಹೋಗುತ್ತದೆ. ಇನ್ನೊಮ್ಮೆ ಒಡೆದ ಕೋಶಕದ ಬಾಯಿ ಮುಚ್ಚಿಕೊಂಡು ಒಳಗೆ ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ಋತುಚಕ್ರದಿಂದಲೇ ಹುಟ್ಟಿದ ಇಂಥ ಗುಳ್ಳೆಗಳು ಹೆಚ್ಚಾಗಿ ಎರಡು ಮೂರು ಚಕ್ರಗಳೊಳಗೆ ತಾವಾಗಿಯೇ ಕುಗ್ಗಿ ಹೋಗುತ್ತವೆ. ಗರ್ಭನಿರೋಧಕ ಮಾತ್ರೆಯಿಂದ ಬೇಗ ಕರಗುತ್ತವೆಂಬ ನಂಬಿಕೆ ಬಹುಕಾಲ ಇತ್ತು; ಮಾತ್ರೆ ನುಂಗಿದವರನ್ನೂ ನುಂಗದವರನ್ನೂ ಹೋಲಿಸಿ ನೋಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ.

ಎಲ್ಲ ಸಿಸ್ಟುಗಳೂ ಹೀಗಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಆಗಿದ್ದದ್ದು ಡರ್ಮಾಯ್ಡ್. ಜಿಡ್ಡು, ಕೂದಲು ತುಂಬಿದ ಆ ಗಡ್ಡೆ ಎಷ್ಟು ತಿಂಗಳು ಕಾದರೂ ಕರಗುವಂಥದ್ದಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಿಂದ ಬರುವ, ಹಳೆಯ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್ ಕೂಡ ಸಾಮಾನ್ಯವಾಗಿ ತಾನಾಗಿ ಹೋಗದು. ಇವನ್ನೆಲ್ಲ ತೆಗೆಸಲೇಬೇಕೆಂದಿಲ್ಲ, ಆದರೆ ವೈದ್ಯರ ಕಣ್ಣಳತೆಯಲ್ಲಿರಬೇಕು. ಕಷಾಯದಿಂದ ಸಿಸ್ಟ್ ಕರಗಿಸಿದೆವೆನ್ನುವವರು ಬಹುಮಟ್ಟಿಗೆ ನನ್ನದರಂಥ, ಹೇಗೂ ಕರಗಲಿದ್ದ ಗುಳ್ಳೆಯಿಂದಲೇ ಹೆಸರು ಗಳಿಸಿರುತ್ತಾರೆಂದು ನನಗನ್ನಿಸುತ್ತದೆ. ಅವರನ್ನು ನಂಬಿ ಡರ್ಮಾಯ್ಡ್ ಇರುವವಳು ವರ್ಷಗಟ್ಟಲೆ ಕಾಯುವುದನ್ನು ನೆನೆದರೆ ಸಂಕಟವಾಗುತ್ತದೆ. ಮುಟ್ಟು ನಿಂತ ಮೇಲೆ ಕಾಣಿಸಿಕೊಂಡ ಸಿಸ್ಟಿನ ವಿಚಾರವೇ ಬೇರೆ; ಅಲ್ಲಿ ಸ್ಕ್ಯಾನಿಂಗ್ ಜೊತೆಗೆ, ಅಂಡಾಶಯದ ಕ್ಯಾನ್ಸರ್‌ನ ಸುಳಿವಿಗಾಗಿ ನೋಡುವ ಸಿಎ-125 ರಕ್ತಪರೀಕ್ಷೆಯನ್ನೂ ಮಾಡಿಸಲು ಹೇಳುತ್ತಾರೆ.

ಕಾಯುವ ದಿನಗಳಿಗೆಂದು ವೈದ್ಯೆಯವರು ಚೀಟಿಯ ಹಿಂಬದಿಯಲ್ಲಿ ಒಂದೇ ಎಚ್ಚರಿಕೆ ಬರೆದುಕೊಟ್ಟಿದ್ದರು: ಇದ್ದಕ್ಕಿದ್ದಂತೆ ಒಂದು ಬದಿಯಲ್ಲಿ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡು ರಕ್ತಸಂಚಾರ ನಿಂತಿರಬಹುದು, ನಡುರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ. ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡೇ ಓಡಾಡಿದೆ.

ಒಂಬತ್ತನೆಯ ವಾರದ ಸ್ಕ್ಯಾನಿಂಗ್‌ನಲ್ಲಿ, ಮೊದಲ ಸಲ ಪರದೆಯ ಮೇಲೆ ಕಪ್ಪು ನೇರಳೆಹಣ್ಣಿನಂತೆ ಕಂಡಿದ್ದ ಜಾಗದಲ್ಲಿ, ಆ ತಿಂಗಳ ಪುಟ್ಟ ಕೋಶಕಗಳಷ್ಟೇ ಇದ್ದವು.