ಸುಬ್ಬಿಯ ಕಿವಿ, ನನ್ನ ರಿಜಿಸ್ಟರು

ಜೂನ್

ಕಿವಿ ಸೋರುವುದು ನಮ್ಮ ನಾಯಿ ಸುಬ್ಬಿಗೆ ವರ್ಷವಿಡೀ ಇರುವ ಪಾಡು, ಮಳೆ ಹಿಡಿದರೆ ಇನ್ನೊಂದಿಷ್ಟು ಜೋರು. ಡ್ರಾಪ್ಸ್ ಹಾಕಿದರೆ ವಾಸನೆ ಹೋಗುತ್ತದೆ. ಬಾಟಲಿ ಮುಗಿದು ತಿಂಗಳೊಪ್ಪತ್ತಾಗುವಷ್ಟರಲ್ಲಿ ಮತ್ತೆ ತಲೆ ಕೊಡವುವುದು, ಹಿಂಗಾಲಲ್ಲಿ ಕೆರೆಯುವುದು, ಸೋಫಾಕ್ಕೆ ಕೆನ್ನೆ ಉಜ್ಜುವುದು ಶುರು. ಡಾಕ್ಟರು ಬರೆದುಕೊಡುವ ಔಷಧಿಯಲ್ಲಿ ತಪ್ಪಿಲ್ಲ. ಆದರೆ ಅದು ಇವತ್ತಿನ ಸೋಂಕಿಗೆ ಉತ್ತರ, ಸೋಂಕು ಯಾಕೆ ತಿರುಗಿ ಬರುತ್ತದೆ ಎಂಬುದಕ್ಕಲ್ಲ. ಕೆರೆ ನೀರಿನ ಪಾಚಿ ನೋಡಲೆಂದು ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪು ಮನೆಯಲ್ಲಿದೆ. ಈ ವರ್ಷ ಪಾಚಿಗೆ ರಜೆ ಕೊಟ್ಟು ಇವಳ ಕಿವಿಯ ಗುಗ್ಗೆಯ ಲೆಕ್ಕ ಇಡುವುದು ಅಂತ ತೀರ್ಮಾನ. ಚಿಕಿತ್ಸೆ ಡಾಕ್ಟರದ್ದು, ರಿಜಿಸ್ಟರು ನನ್ನದು.

ಸುಬ್ಬಿಯ ಅಪ್ಪ ಲ್ಯಾಬ್ರಡಾರ್, ಅಮ್ಮ ನಮ್ಮ ಶಿರಾ ಗೇಟಿನ ಬೀದಿನಾಯಿ. ಬುದ್ಧಿ ಅಮ್ಮನದು, ಕಿವಿ ಅಪ್ಪನದು. ಜೋಲುಗಿವಿಯೊಳಗೆ ಗಾಳಿ ಆಡುವುದಿಲ್ಲ, ತೇವ ಆರುವುದಿಲ್ಲ. ಸಾಲದ್ದಕ್ಕೆ ನಾಯಿಯ ಕಿವಿನಾಳ ನಮ್ಮದರಂತೆ ನೆಟ್ಟಗಿಲ್ಲ. ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗಿ ತಮಟೆಗೆ ಮುಟ್ಟುತ್ತದೆ. ಆ ತಿರುವಿನಲ್ಲೇ ಕೊಳೆ ಕೂರುವುದು. ಹತ್ತಿಕಡ್ಡಿ ತುರುಕಿದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ ಅನ್ನುವುದೂ ಇದಕ್ಕೇ. ನಾನು ಸ್ಯಾಂಪಲ್ ತೆಗೆಯುವುದು ಮೇಲಿನ ನಾಳದಿಂದ ಮಾತ್ರ.

ಜುಲೈ

ವಿಧಾನ ಸುಲಭ. ಕಡ್ಡಿಯ ಹತ್ತಿಯನ್ನು ಸ್ಲೈಡಿನ ಮೇಲೆ ಉಜ್ಜಬಾರದು, ಉರುಳಿಸಬೇಕು. ಉಜ್ಜಿದರೆ ಜೀವಕೋಶಗಳು ಹರಿದು ಏನೂ ಗುರುತು ಸಿಗುವುದಿಲ್ಲ. ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಒಂದೆರಡು ಸಲ ಹಾಯಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ತೊಳೆದು ಒಣಗಿಸಿದರೆ ಆಯಿತು. ಎಡಗಿವಿಗೊಂದು, ಬಲಗಿವಿಗೊಂದು, ಬಣ್ಣ ಹಾಕುವ ಮುಂಚೆಯೇ ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಎ' ಅಥವಾ 'ಬ'. ಎರಡೂ ಕಿವಿಯಲ್ಲಿ ಒಂದೇ ಕಥೆ ಇರಬೇಕೆಂದೇನೂ ಇಲ್ಲ ಅನ್ನುವುದು ಮೊದಲ ವಾರವೇ ಗೊತ್ತಾಯಿತು.

ಬಲಗಿವಿಯ ಸ್ಲೈಡಿನಲ್ಲಿ 1000 ಪಟ್ಟು ಹಿಗ್ಗಿಸಿದಾಗ ಕಂಡದ್ದು ಪಾವಗಡದ ಕಡಲೆಕಾಯಿ ರಾಶಿ: ನಡು ಸಣ್ಣಗಾದ, ನೀಲಿ ಬಣ್ಣದ ಕೋಶಗಳು, ಉದುರಿದ ಚರ್ಮದ ಹೊಟ್ಟಿಗೆ ಅಂಟಿಕೊಂಡು. ಮಲಾಸೀಜಿಯಾ ಪ್ಯಾಕಿಡರ್ಮಾಟಿಸ್ ಎಂಬ ಯೀಸ್ಟ್. ಇದನ್ನು 1925ರಲ್ಲಿ ವೀಡ್‌ಮನ್ ಎಂಬಾತ ವರ್ಣಿಸಿದ್ದು ನಾಯಿಯಿಂದಲ್ಲ, ಚರ್ಮರೋಗ ಬಂದಿದ್ದ ಭಾರತೀಯ ಘೇಂಡಾಮೃಗವೊಂದರಿಂದ! ಆರೋಗ್ಯವಂತ ನಾಯಿಯ ಕಿವಿಯಲ್ಲೂ ಇದು ನಾಲ್ಕಾರು ಇರುತ್ತದೆ. ಕಂಡ ಮಾತ್ರಕ್ಕೆ ರೋಗವಲ್ಲ, ಎಷ್ಟಿದೆ ಎನ್ನುವುದು ಮುಖ್ಯ. 400 ಪಟ್ಟಿನಲ್ಲಿ ಒಂದು ನೋಟಕ್ಕೆ ಸರಾಸರಿ 5 ದಾಟಿದರೆ ಹೆಚ್ಚಾಯಿತು ಅಂತ ಲೆಕ್ಕ. ಬಲಗಿವಿಯಲ್ಲಿ ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆ, ಅಷ್ಟಿತ್ತು.

ಕಿವಿಯ ಹುಳು, ಅಂದರೆ ಓಟೊಡೆಕ್ಟಿಸ್ ನುಸಿ, ಇಲ್ಲ. ಅದಿದ್ದರೆ ಕಪ್ಪಗೆ ಒಣಪುಡಿ ಉದುರುತ್ತದೆ, ಸಣ್ಣ ಲೆನ್ಸಿನಲ್ಲೇ ನಡೆದಾಡುವುದು ಕಾಣುತ್ತದೆ. ಹೆಚ್ಚಾಗಿ ಮರಿಗಳ ಕಾಟ. ಉಣ್ಣೆ ಮಾತ್ರ ಕಿವಿ ಮಡಿಕೆಯಲ್ಲಿ ಸಿಕ್ಕಿತು, ಕಿತ್ತು ಹಾಕಿದೆ. ಹುಲ್ಲಿನ ಊಬು ಒಳಗೆ ಸೇರಿದೆಯಾ ಅಂತ ಡಾಕ್ಟರು ಓಟೊಸ್ಕೋಪ್, ಅಂದರೆ ಕಿವಿಯೊಳಗೆ ನೋಡುವ ದೀಪದ ಉಪಕರಣ, ಹಾಕಿ ನೋಡಿದರು, ಇರಲಿಲ್ಲ. ತಮಟೆ ಹರಿದಿಲ್ಲ ಅನ್ನುವುದೂ ಆಗಲೇ ಖಾತ್ರಿಯಾಯಿತು. ಇದನ್ನು ನೋಡದೆ ಹಳೇ ಬಾಟಲಿಯ ಡ್ರಾಪ್ಸ್ ಹಾಕುವವರಿದ್ದಾರೆ. ತಮಟೆ ತೂತಾಗಿದ್ದರೆ ಜೆಂಟಾಮೈಸಿನ್‌ನಂಥ ಔಷಧಿ ಒಳಗಿವಿಗೆ ಇಳಿದು ನಾಯಿ ಕಿವುಡಾಗಬಹುದು. ತಲೆ ಒಂದು ಕಡೆಗೆ ವಾಲಿಸಿಕೊಂಡು ತೂರಾಡುವ ನಾಯಿಗೆ ಮನೆಯಲ್ಲಿ ಏನನ್ನೂ ಹಾಕಕೂಡದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಗಸ್ಟ್

ಎಣ್ಣೆಯ ಜಗಳ. ಕಲ್ಪತರು ನಾಡಿನಲ್ಲಿ ಹುಟ್ಟಿ ಕಿವಿಗೆ ಕೊಬ್ಬರಿ ಎಣ್ಣೆ ಬೇಡ ಅನ್ನುವುದು ಅಮ್ಮನ ಪ್ರಕಾರ ದ್ರೋಹ. "ಬೆಳ್ಳುಳ್ಳಿ ಹಾಕಿ ಕಾಸಿ ಎರಡು ಹನಿ ಬಿಡೋ, ನಿನಗೆ ನಾನು ಬಿಟ್ಟಿರಲಿಲ್ವಾ?" ಬಿಟ್ಟಿದ್ದಳು, ಒಪ್ಪಿದೆ. ಹುಳು ಬಿದ್ದ ಕಿವಿಗೆ ಎಣ್ಣೆ ಬಿಟ್ಟರೆ ಅವು ಉಸಿರುಗಟ್ಟುತ್ತವೆ, ಹಳಬರ ಮಾತಿನಲ್ಲಿ ಅಷ್ಟು ಹುರುಳಿದೆ. ಆದರೆ ಇವಳದು ಹುಳುವಿನ ಕೇಸಲ್ಲ. ಈ ಯೀಸ್ಟಿಗೆ ಜಿಡ್ಡು ಅಂದರೆ ಪ್ರೀತಿ, ಗಾಳಿಯಾಡದ ನಾಳದಲ್ಲಿ ಎಣ್ಣೆ ನಿಂತರೆ ಅದಕ್ಕೆ ಹಬ್ಬ. ಅಮ್ಮನನ್ನು ಕೂರಿಸಿ ಸ್ಲೈಡು ತೋರಿಸಿದೆ. "ಇಷ್ಟೊಂದು ಇದಾವೇನೋ" ಅಂದವಳು ಎಣ್ಣೆಯ ಮಾತು ಬಿಟ್ಟು, ಬೇವಿನ ಕಷಾಯದ ಮಾತು ಎತ್ತಿದಳು.

ತೊಳೆಯುವುದಕ್ಕೆ ಡಾಕ್ಟರು ಕೊಟ್ಟದ್ದು ಸ್ಯಾಲಿಸಿಲಿಕ್ ಆಮ್ಲವಿರುವ ಕಿವಿ ಕ್ಲೀನರ್. ಜಿಡ್ಡನ್ನೂ ಬಿಡಿಸುತ್ತದೆ, ಒಣಗಿಸುತ್ತದೆ ಕೂಡ. ನಾಳದ ತುಂಬ ಹುಯ್ಯಬೇಕು, ಎರಡು ಹನಿ ಸಾಲದು. ಕಿವಿಯ ಬುಡ ಹಿಡಿದು ಪಚಪಚ ಸದ್ದು ಬರುವಂತೆ ತಿಕ್ಕಿ, ಆಮೇಲೆ ಕೈಬಿಟ್ಟರೆ ಉಳಿದ ಕೆಲಸ ಅವಳದೇ: ಒಮ್ಮೆ ತಲೆ ಕೊಡವಿದರೆ ಗೋಡೆ, ಕನ್ನಡಕ, ನನ್ನ ಅಂಗಿ ಎಲ್ಲದರ ಮೇಲೂ ಕಿವಿಯೊಳಗಿನ ಸರಕು. ಹೊರಗೆ ಬಂದದ್ದನ್ನು ಹತ್ತಿಯಲ್ಲಿ ಒರೆಸುವುದು, ಅಷ್ಟೇ. ದಿನಕ್ಕೆರಡು ಸಲ ತೊಳೆದರೆ ಬೇಗ ವಾಸಿಯಾಗುತ್ತದೆ ಎನ್ನುವುದು ಸುಳ್ಳು, ಸದಾ ಒದ್ದೆಯಿರುವ ಚರ್ಮ ಮೆತ್ತಗಾಗಿ ಇನ್ನೂ ಕೆಡುತ್ತದೆ. ಹೈಡ್ರೋಜನ್ ಪೆರಾಕ್ಸೈಡು, ಸ್ಪಿರಿಟ್ಟು ಹುಣ್ಣಾದ ಕಿವಿಗೆ ಉರಿ. ತೋಟದ ಕೃಷಿ ಹೊಂಡಕ್ಕೆ ಅವಳು ಹಾರುವುದನ್ನು ನಿಲ್ಲಿಸಲು ದೇವರಿಂದಲೂ ಆಗದು. ಹಾರಿದ ದಿನ ಸಂಜೆ ಕ್ಲೀನರ್ ಕಡ್ಡಾಯ ಅಂತ ರಿಜಿಸ್ಟರಿನಲ್ಲಿ ಕೆಂಪಕ್ಷರದಲ್ಲಿದೆ.

ಸೆಪ್ಟೆಂಬರ್

ಬಲಗಿವಿಯ ಯೀಸ್ಟ್ ಎಣಿಸುವಷ್ಟಕ್ಕೆ ಇಳಿಯಿತು. ಅದೇ ಹೊತ್ತಿಗೆ ಎಡಗಿವಿ ಕೈಕೊಟ್ಟಿತು. ಹಳದಿ ಹಸಿರು ಕೀವು, ಮೂಗು ಮುಚ್ಚಿಕೊಳ್ಳುವ ನಾತ, ಮುಟ್ಟಿದರೆ ಕಿರುಚಾಟ. ಸ್ಲೈಡಿನಲ್ಲಿ ಯೀಸ್ಟ್ ಇಲ್ಲ. ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ಅವುಗಳನ್ನು ನುಂಗಿ ಒಡೆದ ಬಿಳಿ ರಕ್ತಕಣ. ದುಂಡನೆಯವು ಕಂಡಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಕಡ್ಡಿ ಅಂದರೆ ಸೂಡೊಮೊನಾಸ್ ಇರಬಹುದು, ಅದು ಹಲವು ಆಂಟಿಬಯಾಟಿಕ್‌ಗಳಿಗೆ ಜಗ್ಗದ ಜಾತಿ. ಇಲ್ಲಿಗೆ ನನ್ನ ಮೈಕ್ರೋಸ್ಕೋಪಿನ ಅಧಿಕಾರ ಮುಗಿಯಿತು. ಯಾವ ಔಷಧಿಗೆ ಸಾಯುತ್ತದೆ ಅನ್ನುವುದನ್ನು ಸ್ಲೈಡು ಹೇಳುವುದಿಲ್ಲ, ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ಡಾಕ್ಟರು ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸಿದರು. ಅನುಮಾನ ನಿಜವಾಯಿತು. ಟ್ರಿಸ್ ಇಡಿಟಿಎ ಇರುವ ದ್ರಾವಣದಲ್ಲಿ ಮೊದಲು ತೊಳೆದು, ಸ್ವಲ್ಪ ಹೊತ್ತು ಬಿಟ್ಟು, ರಿಪೋರ್ಟಿನಲ್ಲಿ ಬಂದ ಔಷಧಿ ಹಾಕುವುದು. ಈ ದ್ರಾವಣ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಸಡಿಲಿಸುತ್ತದೆ, ಔಷಧಿ ಒಳಹೊಗಲು ದಾರಿಯಾಗುತ್ತದೆ. ನಾಳ ಬಾತು ಮುಚ್ಚಿದ್ದರಿಂದ ಸ್ಟೆರಾಯ್ಡ್ ಮಾತ್ರೆಯೂ ಸೇರಿತು. ಇಷ್ಟಕ್ಕೂ ಬಗ್ಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕರೆದೊಯ್ದು, ಅರಿವಳಿಕೆ ಕೊಟ್ಟು ಒಳತನಕ ತೊಳೆಸುವ ಮಾತಿತ್ತು. ಬಗ್ಗಿತು. ವಾಸನೆ ಹೋದಮೇಲೂ ಔಷಧಿ ಮುಂದುವರಿಸಿ, ಸ್ಲೈಡು ಪೂರ್ತಿ ಚೊಕ್ಕಟವಾದಮೇಲೆ ನಿಲ್ಲಿಸಿದ್ದು. ರಿಜಿಸ್ಟರು ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇಲ್ಲಿ. ಮೂಗಿನ ಲೆಕ್ಕ ನಂಬಿದ್ದರೆ ಬಾಟಲಿ ಬೇಗನೇ ಮೂಲೆ ಸೇರುತ್ತಿತ್ತು.

ದಸರಾ ಕಳೆದ ಮೇಲೆ

ಕಿವಿ ಎರಡೂ ಚೊಕ್ಕಟ, ಆದರೆ ಪಾದ ನೆಕ್ಕುವುದು ನಿಂತಿಲ್ಲ. ಡಾಕ್ಟರ ಗಮನ ಹೋದದ್ದು ಅಲ್ಲಿಗೇ. ಕಿವಿನಾಳ ಅಂದರೆ ಒಳಕ್ಕೆ ಮಡಿಸಿಕೊಂಡ ಚರ್ಮ ತಾನೆ? ಮೈಯಲ್ಲಿ ಅಲರ್ಜಿಯಿದ್ದರೆ ಅದು ಮೊದಲು ಕೆಂಪಾಗುತ್ತದೆ, ಯೀಸ್ಟು ಬ್ಯಾಕ್ಟೀರಿಯಾ ಆಮೇಲೆ ಬರುವ ಬಾಡಿಗೆದಾರರು. ಧೂಳು, ಪರಾಗದ ಅಲರ್ಜಿಯೋ ಊಟದ್ದೋ ಎನ್ನುವುದಕ್ಕೆ ನಂಬಬಹುದಾದ ರಕ್ತಪರೀಕ್ಷೆ ಊಟದ ಮಟ್ಟಿಗಂತೂ ಇಲ್ಲ. ಪಥ್ಯವೇ ಪರೀಕ್ಷೆ.

ಪಥ್ಯಕ್ಕೆ 8 ವಾರ. ಅವಳು ಜನ್ಮದಲ್ಲಿ ತಿನ್ನದ ಆಹಾರವಾಗಬೇಕು. ಕೋಳಿ, ಹಾಲು, ಮೊಟ್ಟೆ, ಗೋಧಿ, ಮುದ್ದೆ ಎಲ್ಲ ತಿಂದು ಬೆಳೆದವಳು. ಉಳಿದದ್ದು ಮೀನು ಮತ್ತು ಗೆಣಸು. ಕೆರೆ ಮೀನು ತಂದು ಬೇಯಿಸಿ ಮುಳ್ಳು ಬಿಡಿಸುವುದು ಈ ಇಡೀ ಯೋಜನೆಯ ಅತಿ ಬೇಸರದ ಭಾಗ, ಮೈಕ್ರೋಸ್ಕೋಪಿನ ಮುಂದೆ ಕೂತದ್ದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹೋಯಿತು. ಮಾಂಸದ ರುಚಿ ಹಾಕಿದ ಉಣ್ಣೆ ಮಾತ್ರೆಯೂ ಪಥ್ಯ ಕೆಡಿಸುತ್ತದೆಂದು ಬೆನ್ನಿಗೆ ಹಚ್ಚುವ ಔಷಧಿಗೆ ಬದಲಾಯಿಸಿದರು. ಇವೆಲ್ಲಕ್ಕಿಂತ ಕಷ್ಟ ಪಕ್ಕದ ಮನೆ ಅಜ್ಜಿ. ಗೇಟಿನ ಸಂದಿಯಿಂದ ಗ್ಲೂಕೋಸ್ ಬಿಸ್ಕತ್ತು. "ಮೂಕಪ್ರಾಣಿಗೆ ಏನ್ ಪಥ್ಯ ಮೇಷ್ಟ್ರೇ, ಪಾಪ ಬರುತ್ತೆ ನಿಮಗೆ." ಒಂದು ಬಿಸ್ಕತ್ತಿನಲ್ಲಿ ಗೋಧಿಯೂ ಇದೆ, ಹಾಲಿನ ಅಂಶವೂ ಇದೆ. ಕೊನೆಗೆ ಬೇಯಿಸಿದ ಗೆಣಸನ್ನು ತುಂಡು ಮಾಡಿ ಡಬ್ಬಿಯಲ್ಲಿ ಅವರ ಕೈಗೇ ಕೊಟ್ಟೆ. ಕೊಡುವ ಖುಷಿ ಅವರಿಗೆ ಬೇಕಾಗಿತ್ತು, ಬಿಸ್ಕತ್ತೇ ಆಗಬೇಕೆಂದಿರಲಿಲ್ಲ.

ಜನವರಿ

ಪಥ್ಯ ಮುಗಿಯುವಾಗ ಪಾದ ನೆಕ್ಕುವುದು ಬಹುಪಾಲು ನಿಂತಿತ್ತು, ಎರಡೂ ಕಿವಿಯ ಸ್ಲೈಡಿನಲ್ಲಿ ಯೀಸ್ಟ್ ಅಲ್ಲೊಂದು ಇಲ್ಲೊಂದು. ಗೆದ್ದೆವು ಅನ್ನಲು ಅವಸರವಿಲ್ಲ. ಅಷ್ಟರಲ್ಲಿ ಚಳಿ ಬಂದು ಗಾಳಿಯ ತೇವವೂ ಇಳಿದಿತ್ತು, ಹೊಂಡದ ಸ್ನಾನವೂ ತಾನಾಗಿ ಕಮ್ಮಿಯಾಗಿತ್ತು. ಪುಣ್ಯ ಮೀನಿನದೋ ಚಳಿಯದೋ ತಿಳಿಯಲು ಹಳೇ ಆಹಾರವನ್ನು ಒಂದೊಂದಾಗಿ ವಾಪಸು ಕೊಟ್ಟು ನೋಡಬೇಕು. ಈ ಹಂತವನ್ನು ತುಂಬ ಜನ ಬಿಡುತ್ತಾರೆ. ವಾಸಿಯಾದ ನಾಯಿಗೆ ಮತ್ತೆ ಕೆರೆತ ಬರಿಸಲು ಯಾರಿಗೆ ಮನಸ್ಸು ಬರುತ್ತದೆ?

ಮೊದಲು ಹಾಲು. ಚಳಿ ಹಾಗೇ ಇದೆ, ಹೊಂಡಕ್ಕೆ ಹೋಗಿಲ್ಲ, ಬದಲಾದದ್ದು ತಟ್ಟೆಯಲ್ಲಿನ ಹಾಲೊಂದೇ. ವಾರ ತುಂಬುವುದರೊಳಗೆ ಪಾದ ಬಾಯಿಗೆ ಹೋಯಿತು, ಕಿವಿಯ ಒಳಮೈ ಕೆಂಪಾಯಿತು. ಬಲಗಿವಿಯ ಯೀಸ್ಟ್ ಮತ್ತೆ 5ರ ಗೆರೆ ದಾಟಿದೆ. ಹಾಲು ನಿಲ್ಲಿಸಿದೆ, ಇಳಿಯುತ್ತಿದೆ.

ಎಡಗಿವಿಯ ನಾಳ ಮುಟ್ಟಿದರೆ ಇನ್ನೂ ದಪ್ಪ ಅನ್ನಿಸುತ್ತದೆ. ಹಳೇ ಬಾವು ಪೂರ್ತಿ ಇಳಿಯುತ್ತದೋ ಇಲ್ಲವೋ ಅಂತ ಮುಂದಿನ ತಿಂಗಳು ಓಟೊಸ್ಕೋಪಿನಲ್ಲಿ ನೋಡುತ್ತಾರಂತೆ. ನಾಳ ಗಟ್ಟಿಯಾಗಿ ಮುಚ್ಚಿಹೋದ ನಾಯಿಗಳಿಗೆ ಇಡೀ ನಾಳವನ್ನೇ ತೆಗೆಯುವ ಆಪರೇಷನ್ ಬೇಕಾಗುತ್ತದೆ; ಇವಳು ಅಲ್ಲಿಂದ ಬಹಳ ದೂರ ಇದ್ದಾಳೆ ಅಂದರು. ಪಾದ ಪೂರ್ತಿ ಒಣಗಿದ ಮೇಲೆ ಕೋಳಿಯ ಸರದಿ, ಆಮೇಲೆ ಗೋಧಿ. ಗೋಧಿಯ ವಾರ ಬಂದಾಗ ಬಿಸ್ಕತ್ತಿನ ಪಾಕೀಟು ತಾವೇ ತರುತ್ತೇನೆಂದು ಅಜ್ಜಿ ಈಗಲೇ ಹೇಳಿಟ್ಟಿದ್ದಾರೆ. ಅದರಲ್ಲಿ ಹಾಲೂ ಇರುತ್ತದಲ್ಲ, ಆ ವಾರ ಚಪಾತಿ ಮಾತ್ರ ಅಂತ ಅವರಿಗೆ ಇನ್ನೂ ಹೇಳಿಲ್ಲ.